ಊರ ಮನೆಯ ಕ್ಯಾಮೆರಾವನ್ನು ದೂರದಿಂದ ನೋಡುವುದು ಹೇಗೆ: ಅಳವಡಿಕೆ ಮತ್ತು ಭದ್ರತೆ

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. ಅಪ್ಪ ಅಮ್ಮ ಊರಲ್ಲಿರುತ್ತಾರೆ, ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾರೆ; ಹಳೆಯ ಲ್ಯಾಪ್‌ಟಾಪಿಗೋ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೋ ವೆಬ್‌ಕ್ಯಾಮ್ ಜೋಡಿಸಿ ತಲೆಬಾಗಿಲು, ಅಂಗಳ ಅಥವಾ ಭತ್ತದ ಗೋದಾಮು ಕಾಣುವಂತೆ ಮಾಡಿಕೊಂಡಿರುತ್ತಾರೆ. ಮನೆಯ ವೈಫೈನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ, ಊರು ಬಿಟ್ಟ ಕೂಡಲೇ ಪುಟ ತೆರೆಯುವುದಿಲ್ಲ. ಆಗ ಅವರು ಕೇಳುವುದು: ‘ರೌಟರ್‌ನಲ್ಲಿ ಯಾವ ಪೋರ್ಟ್ ತೆರೆಯಬೇಕು?’

ಕ್ಯಾಮೆರಾಕ್ಕಾಗಿ ಯಾವ ಪೋರ್ಟನ್ನೂ ತೆರೆಯಬೇಡಿ ಎಂಬುದೇ ನನ್ನ ಉತ್ತರ. ಕ್ಯಾಮೆರಾವನ್ನು ಇಂಟರ್‌ನೆಟ್ಟಿನ ಬೀದಿಗೆ ತಂದು ನಿಲ್ಲಿಸುವುದಕ್ಕಿಂತ ನಿಮ್ಮ ಫೋನನ್ನು ಮನೆಯ ಜಾಲದೊಳಕ್ಕೆ ಕರೆದುಕೊಳ್ಳುವುದು ಸುಲಭ, ಸುರಕ್ಷಿತ. ಅದಕ್ಕೆ ಬೇಕಾದ ಸಾಧನವೇ ವಿಪಿಎನ್, ಅಂದರೆ ಗುರುತು ಪರಿಶೀಲಿಸಿದ ಸಾಧನಗಳ ನಡುವೆ ಮಾತ್ರ ಗೂಢಲಿಪಿಯಲ್ಲಿ ಮಾಹಿತಿ ಸಾಗಿಸುವ ಖಾಸಗಿ ಮಾರ್ಗ. ಈ ಲೇಖನ ಆ ಮಾರ್ಗವನ್ನು ಹಾಕಿಕೊಳ್ಳುವ ಕ್ರಮವನ್ನು ವಿವರಿಸುತ್ತದೆ. ಲಿನಕ್ಸ್‌ನ ಟರ್ಮಿನಲ್ ಕಿಟಕಿಯಲ್ಲಿ ನಾಲ್ಕು ಸಾಲು ಬರೆದು ಎಂಟರ್ ಒತ್ತುವಷ್ಟು ಅಭ್ಯಾಸ ಇದ್ದರೆ ಸಾಕು. ಕೆಲಸವನ್ನು ಮಾತ್ರ ಹಬ್ಬಕ್ಕೋ ರಜೆಗೋ ಊರಿಗೆ ಹೋದಾಗ, ಸಾಧನದ ಎದುರು ಕುಳಿತೇ ಮಾಡಬೇಕು. ದೂರದಿಂದ ಮಾಡಲು ಹೋದರೆ ಒಂದು ತಪ್ಪು ಸಾಲು ನಿಮ್ಮನ್ನೇ ಹೊರಗಿಡಬಹುದು.

ಪೋರ್ಟ್ ತೆರೆದರೆ ಏನಾಗುತ್ತದೆ

ಐಪಿ ವಿಳಾಸ ಎಂದರೆ ಜಾಲದಲ್ಲಿ ಒಂದು ಸಾಧನವನ್ನು ಗುರುತಿಸುವ ಸಂಖ್ಯೆ; ಪೋರ್ಟ್ ಎಂದರೆ ಆ ವಿಳಾಸದಲ್ಲಿ ನಿರ್ದಿಷ್ಟ ಸೇವೆಯೊಂದು ಉತ್ತರ ಕೊಡುವ ಸಂಖ್ಯೆ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೆ ಹೊರಗಿನಿಂದ ಆ ಸಂಖ್ಯೆಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ರೌಟರ್ ನೇರವಾಗಿ ಕ್ಯಾಮೆರಾ ಸರ್ವರ್‌ಗೆ, ಅಂದರೆ ವೆಬ್‌ಕ್ಯಾಮ್ ಜೋಡಿಸಿದ ಕಂಪ್ಯೂಟರ್‌ಗೆ, ದಾಟಿಸುತ್ತದೆ. ಕೇಳುತ್ತಿರುವವರು ನೀವೋ ಬೇರೆಯವರೋ ಎಂದು ಅದು ನೋಡುವುದಿಲ್ಲ. ‘ಕ್ಯಾಮೆರಾ ತಂತ್ರಾಂಶದ ಮಾಮೂಲಿ ಪೋರ್ಟ್ 8081ರ ಬದಲು ಯಾರಿಗೂ ಹೊಳೆಯದ ಐದಂಕಿಯ ಸಂಖ್ಯೆ ಇಟ್ಟಿದ್ದೇನೆ’ ಎಂದು ಧೈರ್ಯವಾಗಿರುವವರು ಇದನ್ನು ಗಮನಿಸಬೇಕು: 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಹೊರತಂದ ಝಡ್‌ಮ್ಯಾಪ್ ಎಂಬ ತಂತ್ರಾಂಶವು ಒಂದೇ ಕಂಪ್ಯೂಟರ್ ಹಾಗೂ ಒಂದು ಗಿಗಾಬಿಟ್ ಸಂಪರ್ಕ ಬಳಸಿ, ಇಡೀ ಐಪಿವಿ4 (ಐಪಿ ವಿಳಾಸಗಳ ಹಳೆಯ ಬಗೆ) ಜಾಲದ ಎಲ್ಲ ವಿಳಾಸಗಳಲ್ಲೂ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಲ್ಲದಾಗಿತ್ತು. 2009ರಲ್ಲಿ ಆರಂಭವಾದ ಶೋಡಾನ್ ಎಂಬ ಹುಡುಕುತಾಣವು ಹೀಗೆ ಉತ್ತರ ಕೊಡುವ ಸಾಧನಗಳನ್ನು ಪಟ್ಟಿ ಮಾಡಿಯೇ ಇಡುತ್ತದೆ. ಅದರಲ್ಲಿ ಮನೆಗಳ ಕ್ಯಾಮೆರಾಗಳೂ ಇವೆ.

2016ರ ಮಿರಾಯ್ ಪ್ರಕರಣವಂತೂ ಕ್ಯಾಮೆರಾ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದದ್ದು. ಕಾರ್ಖಾನೆಯಿಂದ ಬಂದ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳ ಅರವತ್ತಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಆ ಕುತಂತ್ರಾಂಶವು ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳಿಂದ, ತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗಲಿಲ್ಲ. ಮನೆ ಕಾಯಲು ಇಟ್ಟ ಕ್ಯಾಮೆರಾ ಬೇಲಿಯೇ ಎದ್ದು ಹೊಲ ಮೇಯ್ದಂತೆ ವರ್ತಿಸುವುದಕ್ಕೆ ಬೇಕಾದದ್ದು ತೆರೆದ ಒಂದು ಪೋರ್ಟ್ ಮತ್ತು ಬದಲಿಸದ ಒಂದು ಪಾಸ್‌ವರ್ಡ್, ಇಷ್ಟೇ.

ಬೇಕಾಗುವ ಸಾಮಗ್ರಿ

ರಾಸ್ಪ್‌ಬೆರಿ ಪೈ 4 ಅಥವಾ 5, ಇಲ್ಲವೇ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್; ಯುಎಸ್‌ಬಿ ವೆಬ್‌ಕ್ಯಾಮ್; ಸಿಸಿಟಿವಿಗೆಂದೇ ಮಾರುವ ‘ಹೈ ಎಂಡ್ಯುರೆನ್ಸ್’ ಬಗೆಯ ಮೆಮೊರಿ ಕಾರ್ಡ್ ಅಥವಾ ಚಿಕ್ಕ ಎಸ್‌ಎಸ್‌ಡಿ; ಸರ್ವರ್ ಮತ್ತು ರೌಟರ್ ಎರಡಕ್ಕೂ ಯುಪಿಎಸ್; ಮತ್ತು ಫೈಬರ್ ಸಂಪರ್ಕ. ಹಳೆಯ ಲ್ಯಾಪ್‌ಟಾಪ್ ವಿದ್ಯುತ್ತನ್ನು ಹೆಚ್ಚು ನುಂಗುತ್ತದೆ ನಿಜ, ಆದರೆ ಬ್ಯಾಟರಿ ಅದರೊಳಗೇ ಇರುವುದರಿಂದ ಕರೆಂಟ್ ಹೋಗಿ ಬರುವ ನಮ್ಮ ಕಡೆಗೆ ಅದು ತಕ್ಕದ್ದೇ.

ಹಂತ 1: ಎಲ್ಲಿಡಬೇಕು, ಏನು ಕಾಣಬೇಕು

ಮೊದಲು ಮನೆಯವರಿಗೆ ಹೇಳಿ. ಕ್ಯಾಮೆರಾ ಇದೆ, ಯಾರು ಯಾರು ನೋಡಬಲ್ಲರು ಎಂಬುದು ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ತಿಳಿದಿರಬೇಕು. ಹಿತ್ತಲ ಬಚ್ಚಲು, ಮಲಗುವ ಪಡಸಾಲೆ, ಪಕ್ಕದ ಮನೆಯ ಅಂಗಳ ಚೌಕಟ್ಟಿನೊಳಗೆ ಬರಕೂಡದು. ಬೇಸಿಗೆಯಲ್ಲಿ ನಮ್ಮ ಊರುಗಳಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿ ಇರುವುದರಿಂದ ಎತ್ತರದಲ್ಲಿ ಕಟ್ಟಿದ ಕ್ಯಾಮೆರಾ ರಾತ್ರಿ ಯಾರ ಮಾಳಿಗೆಯನ್ನು ತೋರಿಸುತ್ತದೆ ಎಂಬುದನ್ನು ಒಮ್ಮೆ ಪರೀಕ್ಷಿಸಿ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರ ಸೆರೆಹಿಡಿಯುವುದು ಅಥವಾ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಇ ಪ್ರಕಾರ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿ ಮೀರದ ದಂಡ ಅಥವಾ ಎರಡನ್ನೂ ವಿಧಿಸಬಹುದು. ವೆಬ್‌ಕ್ಯಾಮ್‌ನ ಮೈಕ್ ಅನ್ನು ಬಳಸಬೇಡಿ. ಬಾಗಿಲು ಕಾಯಲು ಮಾತು ಕೇಳಿಸಿಕೊಳ್ಳುವ ಅಗತ್ಯವಿಲ್ಲ.

ಹಂತ 2: ಸರ್ವರ್‌ನ ಅಡಿಪಾಯ

ರಾಸ್ಪ್‌ಬೆರಿ ಪೈ ಓಎಸ್‌ನ ‘ಲೈಟ್’ ಆವೃತ್ತಿಯನ್ನು ಅಧಿಕೃತ ಇಮೇಜರ್‌ನಿಂದಲೇ ಕಾರ್ಡಿಗೆ ಬರೆಯಿರಿ. ಇಮೇಜರ್‌ನಲ್ಲೇ ಬಳಕೆದಾರ ಹೆಸರು, ಉದ್ದನೆಯ ಪಾಸ್‌ವರ್ಡ್, ಸಮಯವಲಯ ಮತ್ತು ಎಸ್‌ಎಸ್‌ಎಚ್ ಕೀಲಿಯನ್ನು ಕೊಡಬಹುದು. ಎಸ್‌ಎಸ್‌ಎಚ್ ಎಂದರೆ ಬೇರೊಂದು ಕಂಪ್ಯೂಟರ್‌ನಿಂದ ಸರ್ವರ್‌ನ ಟರ್ಮಿನಲ್ ತೆರೆಯುವ ಗೂಢಲಿಪಿಯ ಸಂಪರ್ಕ. ಕೀಲಿ ಎಂದರೆ ಪಾಸ್‌ವರ್ಡ್‌ನ ಜಾಗದಲ್ಲಿ ಬಳಸುವ ಜೋಡಿ ಕಡತ, ಅದರಲ್ಲಿ ಖಾಸಗಿ ಭಾಗ ನಿಮ್ಮ ಲ್ಯಾಪ್‌ಟಾಪಿನಿಂದ ಹೊರಗೆ ಹೋಗಬಾರದು. ಹಳೆಯ ಯೂಟ್ಯೂಬ್ ಪಾಠಗಳಲ್ಲಿ ಕಾಣುವ ‘ಪೈ’ ಎಂಬ ಹೆಸರು ಮತ್ತು ‘ರಾಸ್ಪ್‌ಬೆರಿ’ ಎಂಬ ಪಾಸ್‌ವರ್ಡ್‌ನ ಜೋಡಿಯನ್ನು 2022ರ ಏಪ್ರಿಲ್‌ನಲ್ಲೇ ಕೈಬಿಡಲಾಗಿದೆ. ಅನುಕೂಲಕ್ಕೆಂದು ಅದನ್ನೇ ಮತ್ತೆ ಸೃಷ್ಟಿಸಿಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ.

ಸರ್ವರ್ ಎದ್ದ ಮೇಲೆ ಮೊದಲು ಎಲ್ಲ ಪ್ಯಾಕೇಜುಗಳನ್ನು ನವೀಕರಿಸಿ, ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಎಂಬ ಪ್ಯಾಕೇಜನ್ನು ಹಾಕಿ; ಭದ್ರತಾ ಪರಿಷ್ಕರಣೆಗಳು ಆಮೇಲೆ ತಾವಾಗಿಯೇ ಬರುತ್ತವೆ. ನಂತರ ಕೀಲಿಯಿಂದ ಒಳಬರಲು ಆಗುತ್ತಿದೆಯೇ ಎಂದು ಎರಡನೆಯ ಕಿಟಕಿಯಲ್ಲಿ ಖಚಿತಪಡಿಸಿಕೊಂಡು, ಎಸ್‌ಎಸ್‌ಎಚ್‌ನ ಸಂರಚನಾ ಕಡತದಲ್ಲಿ ಪಾಸ್‌ವರ್ಡ್ ಪ್ರವೇಶವನ್ನೂ ರೂಟ್ (ಎಲ್ಲ ಅಧಿಕಾರವುಳ್ಳ ಖಾತೆ) ಪ್ರವೇಶವನ್ನೂ ನಿಲ್ಲಿಸಿ. ಮೊದಲನೆಯ ಕಿಟಕಿಯನ್ನು ಅಲ್ಲಿಯವರೆಗೆ ಮುಚ್ಚಬಾರದು.

ರೌಟರ್‌ನಲ್ಲಿ ಇದೇ ಹೊತ್ತಿಗೆ ಮುಗಿಸಬೇಕಾದ ಕೆಲಸಗಳಿವೆ. ಕೇಬಲ್‌ನವರು ಬಂದು ಪೆಟ್ಟಿಗೆ ಕೂರಿಸಿ ಹೋಗುವಾಗ ಆಡಳಿತ ಪಾಸ್‌ವರ್ಡನ್ನು ಹಾಗೆಯೇ ಬಿಟ್ಟಿರುತ್ತಾರೆ, ಎಷ್ಟೋ ಸಲ ಓಣಿಯ ಎಲ್ಲ ಮನೆಗಳಿಗೂ ಒಂದೇ ಇರುತ್ತದೆ. ಅದನ್ನು ಬದಲಿಸಿ. ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈಗೆ ಸೇರುವ ಸೌಲಭ್ಯ), ರಿಮೋಟ್ ಮ್ಯಾನೇಜ್‌ಮೆಂಟ್ ಮತ್ತು ಯುಪಿಎನ್‌ಪಿ ಈ ಮೂರನ್ನೂ ಆಫ್ ಮಾಡಿ. ಯುಪಿಎನ್‌ಪಿ ಎಂಬುದು ಒಳಗಿನ ಯಾವುದೇ ಸಾಧನ ನಿಮ್ಮನ್ನು ಕೇಳದೆಯೇ ರೌಟರ್‌ನಲ್ಲಿ ಪೋರ್ಟ್ ತೆರೆಸಿಕೊಳ್ಳಲು ಬಿಡುವ ಸೌಲಭ್ಯ. ಸರ್ವರ್‌ಗೆ ಸದಾ ಒಂದೇ ಒಳವಿಳಾಸ ಸಿಗುವಂತೆ ಡಿಎಚ್‌ಸಿಪಿ ರಿಸರ್ವೇಷನ್ ಮಾಡಿ.

ಇನ್ನೊಂದು ವಿಷಯವನ್ನು ಬಹಳ ಜನ ತಡವಾಗಿ ಕಲಿಯುತ್ತಾರೆ. ಹೆಚ್ಚಿನ ರೌಟರ್‌ಗಳು ಮನೆಯೊಳಗೆ 192.168.1 ಅಥವಾ 192.168.0 ಎಂದು ಆರಂಭವಾಗುವ ವಿಳಾಸಗಳನ್ನೇ ಕೊಡುತ್ತವೆ; ನೀವಿರುವ ಪಿಜಿಯ ವೈಫೈ ಕೂಡ ಅದನ್ನೇ ಕೊಡುತ್ತದೆ. ಎರಡೂ ಕಡೆ ಒಂದೇ ಸರಣಿ ಇದ್ದರೆ, ವಿಪಿಎನ್ ಮೂಲಕ ಮನೆಯ ಒಳವಿಳಾಸವನ್ನು ಕೇಳಿದಾಗ ಫೋನಿಗೆ ಯಾವ ಕಡೆಗೆ ಹೋಗಬೇಕೆಂದು ತಿಳಿಯದು. ಊರ ಮನೆಯ ಸರಣಿಯನ್ನು 192.168.57ರಂಥ ಅಪರೂಪದ ಸಂಖ್ಯೆಗೆ ಈಗಲೇ ಬದಲಿಸಿಬಿಡಿ.

ಹಂತ 3: ಚಿತ್ರ ಹೊರಡುವ ತಂತ್ರಾಂಶ

ಒಂದೆರಡು ವೆಬ್‌ಕ್ಯಾಮ್‌ಗಳಿಗೆ ಮೋಷನ್ ಎಂಬ ಹಳೆಯ, ಹಗುರವಾದ ತಂತ್ರಾಂಶ ಸಾಕು. ಪೈ ಓಎಸ್‌ಗೆ ಮೂಲವಾದ ಡೆಬಿಯನ್ ಲಿನಕ್ಸ್‌ನ ಭಂಡಾರದಲ್ಲೇ ಸಿಗುತ್ತದೆ. ಐದಾರು ಐಪಿ ಕ್ಯಾಮೆರಾಗಳಿದ್ದು, ಮನುಷ್ಯ ಯಾವುದು ನಾಯಿ ಯಾವುದು ಎಂದು ಗುರುತಿಸಬೇಕಾದರೆ ಫ್ರಿಗೇಟ್ ಒಳ್ಳೆಯದು, ಆದರೆ ಅದಕ್ಕೆ ಹೆಚ್ಚು ಬಲದ ಯಂತ್ರ ಬೇಕು. ಮೋಷನ್‌ಐಓಎಸ್ ಎಂಬ ಸಿದ್ಧ ವ್ಯವಸ್ಥೆಯನ್ನು ಇಂದಿಗೂ ಹಲವು ವಿಡಿಯೋಗಳು ಶಿಫಾರಸು ಮಾಡುತ್ತವೆ. ಅದಕ್ಕೆ 2020ರ ನಂತರ ಹೊಸ ಬಿಡುಗಡೆ ಬಂದಿಲ್ಲ, ಹಾಗಾಗಿ ದೂರದಿಂದ ನೋಡುವ ಕೆಲಸಕ್ಕೆ ಅದನ್ನು ಬಳಸಲೇಬಾರದು.

ಮೋಷನ್‌ನ ನಾಲ್ಕನೆಯ ಸರಣಿಯ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಎರಡು ಪೋರ್ಟ್‌ಗಳಿರುತ್ತವೆ: 8081ರಲ್ಲಿ ಚಿತ್ರ, 8080ರಲ್ಲಿ ನಿಯಂತ್ರಣ ಪುಟ. ಇವೆರಡೂ ಮೂಲತಃ ಸರ್ವರ್‌ನೊಳಗಿನಿಂದ ಮಾತ್ರ ಕಾಣುವಂತೆ ‘ಲೋಕಲ್‌ಹೋಸ್ಟ್’ ಆಯ್ಕೆ ಆನ್ ಆಗಿರುತ್ತದೆ. ಫೋನಿನಲ್ಲಿ ನೋಡಲು ಚಿತ್ರದ ಪೋರ್ಟ್‌ಗೆ ಅದನ್ನು ಆಫ್ ಮಾಡಬೇಕಾಗುತ್ತದೆ. ನಿಯಂತ್ರಣ ಪುಟವನ್ನು ಮಾತ್ರ ಮುಟ್ಟಬೇಡಿ. ಚಲನೆ ಕಂಡಾಗ ಯಾವ ಆದೇಶ ಓಡಬೇಕು ಎಂದು ಮೋಷನ್‌ಗೆ ಹೇಳುವ ಸಂರಚನೆ ಇದೆ. ನಿಯಂತ್ರಣ ಪುಟಕ್ಕೆ ಮೇಲಿನ ಮಟ್ಟದ ಅಧಿಕಾರ ಕೊಟ್ಟು ಹೊರಗೆ ಬಿಟ್ಟರೆ, ಪರರು ಅಲ್ಲಿ ತಮ್ಮದೇ ಆದೇಶ ಬರೆದು ಸರ್ವರನ್ನು ನಡೆಸಬಹುದು. ಚಿತ್ರದ ಪೋರ್ಟ್‌ಗೂ ದೃಢೀಕರಣದ ಆಯ್ಕೆಯಲ್ಲಿ 2, ಅಂದರೆ ಡೈಜೆಸ್ಟ್ ವಿಧಾನವನ್ನು ಆರಿಸಿ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ವಿಧಾನ 1ರಲ್ಲಿ, ಅಂದರೆ ಬೇಸಿಕ್‌ನಲ್ಲಿ, ಪಾಸ್‌ವರ್ಡ್ ಬೇಸ್64 ರೂಪದಲ್ಲಿ ಹೋಗುತ್ತದೆ. ಅದನ್ನು ಯಾರು ಬೇಕಾದರೂ ಮರಳಿ ಓದಬಹುದು.

ಚಿತ್ರದ ಗಾತ್ರದ ಬಗ್ಗೆ ಅತಿಯಾಸೆ ಬೇಡ. ಸೆಕೆಂಡಿಗೆ 2 ಮೆಗಾಬಿಟ್‌ನ ಹರಿವು ಗಂಟೆಗೆ ಸುಮಾರು 900 ಎಂಬಿ ಆಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಇದ್ದವರು ಒಂದು ಸಿನಿಮಾದಷ್ಟು ಹೊತ್ತು ಬಾಗಿಲು ನೋಡಿದರೆ ಪ್ಯಾಕ್ ಮುಗಿಯುತ್ತದೆ. ಮೋಷನ್ ನೇರಪ್ರಸಾರಕ್ಕೆ ಬಳಸುವ ಎಂಜೆಪಿಇಜಿ ವಿಧಾನದಲ್ಲಿ ಪ್ರತಿ ಚೌಕಟ್ಟೂ ಒಂದೊಂದು ಪೂರ್ಣ ಫೋಟೊ ಆಗಿರುವುದರಿಂದ ಅದು ಇನ್ನಷ್ಟು ಭಾರ. 640×480 ಅಳತೆ, ಸೆಕೆಂಡಿಗೆ ಐದು ಚೌಕಟ್ಟು ಇಟ್ಟುಕೊಂಡರೆ ಅಂಗಳದಲ್ಲಿ ಯಾರಿದ್ದಾರೆ ಎಂಬುದು ಸ್ಪಷ್ಟವಾಗಿಯೇ ತಿಳಿಯುತ್ತದೆ.

ಚಲನೆಯನ್ನು ಪತ್ತೆಹಚ್ಚಲು ಎಷ್ಟು ಪಿಕ್ಸೆಲ್‌ಗಳು ಬದಲಾಗಬೇಕು ಎಂಬ ‘ಥ್ರೆಶೋಲ್ಡ್’ ಮೂಲತಃ 1500 ಇರುತ್ತದೆ. ಬೇವಿನ ಮರದ ನೆರಳು, ತಂತಿಯ ಮೇಲೆ ಒಣಗುವ ಸೀರೆ, ರಾತ್ರಿ ದೀಪಕ್ಕೆ ಮುತ್ತುವ ಹುಳ ಇಷ್ಟಕ್ಕೇ ಅದು ಬಿಡದೆ ಚಿತ್ರ ಮುದ್ರಿಸುತ್ತ ಹೋಗಿ ಕಾರ್ಡ್ ತುಂಬಿಬಿಡುತ್ತದೆ. ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಮರ ಮತ್ತು ತಂತಿ ಇರುವ ಭಾಗವನ್ನು ‘ಮಾಸ್ಕ್’ ಕಡತದಲ್ಲಿ ಕಪ್ಪು ಬಳಿದು ಬಿಟ್ಟುಬಿಡುವುದು ಮೇಲು. ಒಂದು ವಾರಕ್ಕಿಂತ ಹಳೆಯ ಕಡತಗಳನ್ನು ಪ್ರತಿರಾತ್ರಿ ಅಳಿಸುವ ಕ್ರಾನ್ ಕೆಲಸವನ್ನೂ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಆದೇಶ) ಇಲ್ಲಿಯೇ ಹಾಕಿ.

ಹಂತ 4: ನಿಮ್ಮದು ಯಾವ ಬಗೆಯ ಸಂಪರ್ಕ

ರೌಟರ್‌ನ ಸ್ಥಿತಿ ಪುಟದಲ್ಲಿ ‘ವ್ಯಾನ್ ಐಪಿ’ ಎಂದು ಕಾಣುವ ವಿಳಾಸವನ್ನು ಬರೆದುಕೊಳ್ಳಿ. ಅದೇ ವೈಫೈಯಿಂದ ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ತಾಣವನ್ನು ತೆರೆಯಿರಿ. ಎರಡೂ ಒಂದೇ ಇದ್ದರೆ ನಿಮಗೆ ಸಾರ್ವಜನಿಕ ವಿಳಾಸ ಇದೆ. ಬೇರೆ ಬೇರೆ ಇದ್ದು, ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಆರಂಭವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಸೇವೆ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆ. ನಿಮ್ಮ ರೌಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕೋರಿಕೆ ಅಲ್ಲಿಯವರೆಗೆ ಬರುವುದೇ ಇಲ್ಲ. ‘ಎಲ್ಲ ಮಾಡಿದೆ, ಆದರೂ ತೆರೆಯುತ್ತಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲಿಗೆ ಇದೇ ಕಾರಣ. ವಿಳಾಸ 10 ಅಥವಾ 192.168 ಎಂದು ಆರಂಭವಾದರೆ ಸೇವೆಯವರ ಪೆಟ್ಟಿಗೆಯ ಹಿಂದೆ ನಿಮ್ಮದೇ ಇನ್ನೊಂದು ರೌಟರ್ ಇರಬಹುದು, ಅಥವಾ ಸ್ಥಳೀಯ ಆಪರೇಟರ್ ತನ್ನದೇ ಹಂಚಿಕೆ ಮಾಡಿರಬಹುದು, ಫಲ ಒಂದೇ.

ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ, ಸಿಗುವ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಅಪಾಯವಿದೆ. ಅಲ್ಲಿ ಪ್ರತಿ ಸಾಧನಕ್ಕೂ ಜಗತ್ತಿನಿಂದ ತಲುಪಬಹುದಾದ ವಿಳಾಸ ಸಿಗುವುದರಿಂದ, ಐಪಿವಿ4ರಲ್ಲಿ ಮರೆಯಾಗಿರುವ ಕ್ಯಾಮೆರಾ ಐಪಿವಿ6ರಲ್ಲಿ ಬಯಲಾಗಿರಬಹುದು. ರೌಟರ್‌ನ ಐಪಿವಿ6 ಫೈರ್‌ವಾಲ್ (ಬೇಡದ ಕೋರಿಕೆಗಳನ್ನು ತಡೆಯುವ ವ್ಯವಸ್ಥೆ) ಆನ್ ಇದೆಯೇ ಎಂದು ನೋಡಿ.

ಹಂತ 5: ವಿಪಿಎನ್

ಇಲ್ಲಿ ದಾರಿ ಎರಡಾಗುತ್ತದೆ. ಸಿಜಿನ್ಯಾಟ್ ಹಿಂದೆ ಇದ್ದವರಿಗೆ ಮತ್ತು ಮೊದಲ ಬಾರಿ ಮಾಡುವವರಿಗೆ ಟೇಲ್‌ಸ್ಕೇಲ್ ಎಂಬ ವಿಪಿಎನ್ ಸೇವೆ. ಸಾರ್ವಜನಿಕ ವಿಳಾಸ ಇದ್ದು, ಮೂರನೆಯವರ ಸೇವೆ ಬೇಡ ಎನ್ನುವವರಿಗೆ ನೇರವಾಗಿ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ. ನನ್ನ ಶಿಫಾರಸು ಮೊದಲನೆಯದು. ಊರಲ್ಲಿ ಸರಿಪಡಿಸುವವರು ಯಾರೂ ಇಲ್ಲದಿದ್ದಾಗ ಕೆಡುವ ಭಾಗಗಳು ಕಡಿಮೆ ಇರುವುದೇ ದೊಡ್ಡ ಗುಣ.

ಟೇಲ್‌ಸ್ಕೇಲ್ ಒಳಗೆ ಇರುವುದೂ ವೈರ್‌ಗಾರ್ಡೇ. ಅದರ ಸಂಯೋಜನಾ ಸರ್ವರ್ ನಿಮ್ಮ ಸಾಧನಗಳಿಗೆ ಪರಸ್ಪರರ ಸಾರ್ವಜನಿಕ ಕೀಲಿಯನ್ನು ತಿಳಿಸುತ್ತದೆ, ಚಿತ್ರ ಮಾತ್ರ ಸಾಧನದಿಂದ ಸಾಧನಕ್ಕೆ ಗೂಢಲಿಪಿಯಲ್ಲಿ ಹೋಗುತ್ತದೆ. ಮನೆಬಳಕೆಗೆ ಉಚಿತ ಯೋಜನೆ ಇದೆ. ಸರ್ವರ್‌ನಲ್ಲಿ ಅದನ್ನು ಸ್ಥಾಪಿಸಿ, ಅದು ತೋರಿಸುವ ಕೊಂಡಿಯನ್ನು ತೆರೆದು ನಿಮ್ಮ ಖಾತೆಯಿಂದ ಒಪ್ಪಿಗೆ ಕೊಡಿ; ಫೋನಿನಲ್ಲೂ ಅದೇ ಖಾತೆಯಿಂದ ಆ್ಯಪ್ ತೆರೆಯಿರಿ. ಈಗ ಸರ್ವರ್‌ಗೆ 100 ಎಂದು ಆರಂಭವಾಗುವ ವಿಳಾಸ ಸಿಕ್ಕಿರುತ್ತದೆ. ಫೋನಿನ ಬ್ರೌಸರ್‌ನಲ್ಲಿ ಆ ವಿಳಾಸ, ಮುಂದೆ ಕೋಲನ್ (:), ನಂತರ 8081 ಎಂದು ಬರೆದರೆ ಅಂಗಳ ಕಾಣುತ್ತದೆ. ಈ 100ರ ಸರಣಿಯೂ ಹಿಂದಿನ ಹಂತದ ಸಿಜಿನ್ಯಾಟ್ ಸರಣಿಯೂ ಒಂದೇ ಆಗಿರುವುದರಿಂದ ಗೊಂದಲವಾಗಬೇಡಿ. ಇದು ನಿಮ್ಮ ಸಾಧನಗಳಿಗಷ್ಟೇ ಗೊತ್ತಿರುವ ವಿಳಾಸ.

ಮೂರು ಎಚ್ಚರಿಕೆಗಳು. ಯಾವ ಇಮೇಲ್ ಖಾತೆಯಿಂದ ಒಳಬಂದಿರೋ ಆ ಖಾತೆಯೇ ಈಗ ಮನೆಯ ಬೀಗ, ಹಾಗಾಗಿ ಅದಕ್ಕೆ ಎರಡು ಹಂತದ ಪರಿಶೀಲನೆ ಕಡ್ಡಾಯ. ಸಾಧನದ ಕೀಲಿ ಸಾಮಾನ್ಯವಾಗಿ 180 ದಿನಗಳಿಗೆ ಅವಧಿ ಮುಗಿದು ಮರುಪ್ರವೇಶ ಕೇಳುತ್ತದೆ. ದಸರೆಗೆ ಹಾಕಿಬಂದ ಕ್ಯಾಮೆರಾ ಯುಗಾದಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಾಣದಾಗುವುದು ಇದರಿಂದ. ಆಡಳಿತ ಪುಟದಲ್ಲಿ ಸರ್ವರ್‌ಗೆ ಮಾತ್ರ ಈ ಅವಧಿಯನ್ನು ನಿಲ್ಲಿಸಿ, ಫೋನುಗಳಿಗೆ ಹಾಗೆಯೇ ಬಿಡಿ. ಮತ್ತು ‘ಫನಲ್’ ಎಂಬ ಸೌಲಭ್ಯವನ್ನು ಆನ್ ಮಾಡಬೇಡಿ; ಅದು ಸೇವೆಯನ್ನು ಇಡೀ ಇಂಟರ್‌ನೆಟ್ಟಿಗೆ ತೆರೆಯುತ್ತದೆ, ಅಂದರೆ ಯಾವುದನ್ನು ತಪ್ಪಿಸಲು ಹೊರಟೆವೋ ಅಲ್ಲಿಗೇ ಮರಳುತ್ತೀರಿ.

ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್‌ನೊಳಗೇ, ಅಂದರೆ ಲಿನಕ್ಸ್‌ನ ತಿರುಳಿನೊಳಗೇ, ಇದೆ. ಸರ್ವರ್‌ಗೂ ಪ್ರತಿಯೊಂದು ಫೋನಿಗೂ ಪ್ರತ್ಯೇಕ ಕೀಲಿಜೋಡಿ ಮಾಡಿ. ಒಂದೇ ಕೀಲಿಯನ್ನು ಅಣ್ಣತಮ್ಮಂದಿರೆಲ್ಲ ಹಂಚಿಕೊಂಡರೆ ಒಬ್ಬರು ಬಂದಾಗ ಇನ್ನೊಬ್ಬರ ಸಂಪರ್ಕ ಕಡಿಯುತ್ತದೆ, ಫೋನ್ ಕಳೆದಾಗ ಯಾರದನ್ನು ತೆಗೆಯಬೇಕೆಂಬುದೂ ತಿಳಿಯುವುದಿಲ್ಲ. ರೌಟರ್‌ನಲ್ಲಿ ಯುಡಿಪಿ ಬಗೆಯ 51820 ಪೋರ್ಟ್ ಒಂದನ್ನು ಮಾತ್ರ ಸರ್ವರ್‌ಗೆ ಫಾರ್ವರ್ಡ್ ಮಾಡಿ. ಪೋರ್ಟ್ ತೆರೆಯಬೇಡಿ ಎಂದು ಹೇಳಿ ಈಗ ತೆರೆಯಿರಿ ಎನ್ನುತ್ತಿರುವುದಕ್ಕೆ ಕಾರಣವಿದೆ: ಸರಿಯಾದ ಕೀಲಿ ಇಲ್ಲದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಯಾವ ಉತ್ತರವನ್ನೂ ಕೊಡುವುದಿಲ್ಲ, ಹಾಗಾಗಿ ತಟ್ಟಿ ನೋಡುವವರಿಗೆ ಅಲ್ಲಿ ಏನೋ ಇದೆ ಎಂಬುದೇ ಗೊತ್ತಾಗುವುದಿಲ್ಲ. ಮನೆಯ ಸಾರ್ವಜನಿಕ ವಿಳಾಸ ಬದಲಾಗುತ್ತಿರುವುದರಿಂದ, ಬದಲಾಗುವ ವಿಳಾಸವನ್ನು ಒಂದೇ ಹೆಸರಿಗೆ ಜೋಡಿಸುವ ಡಕ್‌ಡಿಎನ್‌ಎಸ್‌ನಂಥ ಡೈನಾಮಿಕ್ ಡಿಎನ್‌ಎಸ್ ಸೇವೆಯಲ್ಲಿ ಒಂದು ಹೆಸರು ಪಡೆದುಕೊಳ್ಳಿ; ಆ ಹೆಸರಿನಲ್ಲಿ ಮನೆತನದ ಹೆಸರಾಗಲಿ ಊರಾಗಲಿ ಬೇಡ. ಫೋನಿನ ಸಂರಚನೆಯಲ್ಲಿ ‘ಅಲೌಡ್ ಐಪಿ’ ಜಾಗಕ್ಕೆ ಮನೆಯ ಸರಣಿಯನ್ನಷ್ಟೇ ಬರೆಯಿರಿ. ಪಾಠಗಳಲ್ಲಿ ಕಾಣುವಂತೆ ಎಲ್ಲವೂ ಸೊನ್ನೆಯಾಗಿರುವ ವಿಳಾಸ ಬರೆದರೆ ಫೋನಿನ ಸಮಸ್ತ ಇಂಟರ್‌ನೆಟ್ ಊರ ಮನೆಯನ್ನು ಸುತ್ತಿ ಬರುತ್ತದೆ.

ಹಂತ 6: ಸರ್ವರ್‌ನ ಫೈರ್‌ವಾಲ್

ಯುಎಫ್‌ಡಬ್ಲ್ಯೂ ಎಂಬ ಸರಳ ಫೈರ್‌ವಾಲ್ ಸಾಕು. ಒಳಬರುವುದೆಲ್ಲವನ್ನೂ ತಡೆಯುವುದು ಮೂಲ ನಿಯಮ. 22 (ಎಸ್‌ಎಸ್‌ಎಚ್) ಮತ್ತು 8081 (ಚಿತ್ರ) ಪೋರ್ಟ್‌ಗಳನ್ನು ವಿಪಿಎನ್‌ನ ಇಂಟರ್‌ಫೇಸ್ ಹಾಗೂ ಮನೆಯ ಸರಣಿಯಿಂದ ಮಾತ್ರ ಬಿಡುವುದು ಎರಡನೆಯದು. ನೇರ ವೈರ್‌ಗಾರ್ಡ್ ಆದರೆ 51820 ಮೂರನೆಯದು. ನಿಯಮಗಳನ್ನು ಮೊದಲು ಬರೆದು ಆಮೇಲೆ ಫೈರ್‌ವಾಲ್ ಆನ್ ಮಾಡಬೇಕು. ಕ್ರಮ ತಪ್ಪಿ ಮೊದಲೇ ಆನ್ ಮಾಡಿದರೆ ಎಸ್‌ಎಸ್‌ಎಚ್ ಬಾಗಿಲು ನಿಮಗೂ ಮುಚ್ಚುತ್ತದೆ, ಮತ್ತು ಬೆಂಗಳೂರಿನಲ್ಲಿ ಕುಳಿತು ಹಾಗೆ ಮಾಡಿಕೊಂಡರೆ ರಾಯಚೂರಿಗೆ ರಾತ್ರಿಯ ರೈಲು ಹಿಡಿಯುವುದೊಂದೇ ಪರಿಹಾರ.

ಫ್ರಿಗೇಟ್‌ನಂಥ ತಂತ್ರಾಂಶವನ್ನು ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆಯಲ್ಲಿ) ಓಡಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಡಾಕರ್ ಪ್ರಕಟಿಸುವ ಪೋರ್ಟ್‌ಗಳು ಯುಎಫ್‌ಡಬ್ಲ್ಯೂ ನಿಯಮಗಳನ್ನು ಬಳಸಿ ಹೋಗದೆ ಪಕ್ಕದಿಂದ ಹಾದುಹೋಗುತ್ತವೆ. ‘ಎಲ್ಲ ತಡೆದಿದ್ದೇನೆ’ ಎಂದು ಫೈರ್‌ವಾಲ್ ತೋರಿಸುತ್ತಿದ್ದರೂ ಆ ಪೋರ್ಟ್ ತೆರೆದೇ ಇರುತ್ತದೆ. ಡಾಕರ್‌ನಲ್ಲಿ ಪೋರ್ಟ್ ಬರೆಯುವಾಗ ಅದಕ್ಕಿಂತ ಮೊದಲು ವಿಪಿಎನ್ ವಿಳಾಸವನ್ನೋ 127.0.0.1 (ಸರ್ವರ್ ತನ್ನನ್ನೇ ಕರೆದುಕೊಳ್ಳುವ ವಿಳಾಸ) ಅನ್ನೋ ಸೇರಿಸಿದರೆ ಆ ವಿಳಾಸದಲ್ಲಿ ಮಾತ್ರ ಅದು ಉತ್ತರಿಸುತ್ತದೆ.

ಅಂಗಡಿಯಿಂದ ತಂದ ಅಗ್ಗದ ಐಪಿ ಕ್ಯಾಮೆರಾಗಳಿದ್ದರೆ ಅವುಗಳ ‘ಪಿ2ಪಿ ಕ್ಲೌಡ್’ ಆಯ್ಕೆಯನ್ನು ಆಫ್ ಮಾಡಿ, ರೌಟರ್‌ನಲ್ಲಿ ಅವುಗಳಿಗೆ ಇಂಟರ್‌ನೆಟ್ಟನ್ನೇ ನಿರಾಕರಿಸಿ. ಸರ್ವರ್ ಅವುಗಳಿಂದ 554ನೆಯ ಪೋರ್ಟ್‌ನ ಆರ್‌ಟಿಎಸ್‌ಪಿ ಎಂಬ ವಿಡಿಯೋ ಹರಿವನ್ನು ಮನೆಯೊಳಗೇ ಪಡೆದುಕೊಳ್ಳುತ್ತದೆ. ಅವು ಹೊರಗಿನವರೊಂದಿಗೆ ಮಾತನಾಡಬೇಕಾದ ಕಾರಣವಿಲ್ಲ.

ಹಂತ 7: ಕರೆಂಟು, ಬಿಸಿಲು, ಧೂಳು

ಹೊರಗಿನ ಮಾರ್ಗದರ್ಶಿಗಳು ಈ ಭಾಗವನ್ನು ಬರೆಯುವುದಿಲ್ಲ, ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಕ್ಯಾಮೆರಾ ನಿಲ್ಲುವುದು ಹ್ಯಾಕರ್‌ಗಳಿಗಿಂತ ಹೆಚ್ಚಾಗಿ ಇವುಗಳಿಂದಲೇ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇರುವುದು ರಾಯಚೂರು ಜಿಲ್ಲೆಯಲ್ಲೇ, ಕುಡತಿನಿಯದ್ದು ಬಳ್ಳಾರಿಯಲ್ಲೇ. ಹಾಗೆಂದು ಹಳ್ಳಿಯ ಮನೆಗೆ ಕರೆಂಟ್ ತಪ್ಪದೆ ಇರುತ್ತದೆಂದು ಅರ್ಥವಲ್ಲ.

ಬರೆಯುತ್ತಿರುವ ಹೊತ್ತಿನಲ್ಲಿ ವಿದ್ಯುತ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ. ದೃಶ್ಯಗಳನ್ನು ಎಸ್‌ಎಸ್‌ಡಿಗೆ ಬರೆಸಿ, ಸಾಧ್ಯವಾದರೆ ಕಾರ್ಡನ್ನು ಓದಲು ಮಾತ್ರ ಬರುವಂತೆ ‘ಓವರ್‌ಲೇ’ ವ್ಯವಸ್ಥೆಯಲ್ಲಿಡಿ. ಆದರೆ ಓವರ್‌ಲೇ ಇರುವಾಗ ಭದ್ರತಾ ಪರಿಷ್ಕರಣೆಗಳು ಮರುಆರಂಭದ ನಂತರ ಉಳಿಯುವುದಿಲ್ಲ, ಅದನ್ನು ಆಗಾಗ ತೆಗೆದು ನವೀಕರಿಸಬೇಕು. ಆಗಾಗ ಊರಿಗೆ ಹೋಗದವರಿಗೆ ಓವರ್‌ಲೇಗಿಂತ ಒಳ್ಳೆಯ ಯುಪಿಎಸ್ ವಾಸಿ ಎಂಬುದು ನನ್ನ ಎಣಿಕೆ. ಯುಪಿಎಸ್ ಹಿಂದೆ ಸರ್ವರ್ ಇದ್ದು ಫೈಬರ್ ಪೆಟ್ಟಿಗೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎರಡೂ ಇದ್ದರೂ ಓಣಿಯ ಕಂಬದ ಮೇಲಿರುವ ಆಪರೇಟರ್‌ನ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ಸಂಪರ್ಕ ಹೋಗುತ್ತದೆ. ಅದನ್ನು ಆಪರೇಟರ್‌ನನ್ನೇ ಕೇಳಿ ತಿಳಿದುಕೊಳ್ಳಬೇಕು.

ಸಮಯದ ವಿಷಯ ಇನ್ನೂ ಸೂಕ್ಷ್ಮ. ಪೈ 4ರಲ್ಲಿ ಬ್ಯಾಟರಿಯುಳ್ಳ ಗಡಿಯಾರವಿಲ್ಲ. ಕರೆಂಟ್ ಮರಳಿದಾಗ ಸರ್ವರ್ ಬೇಗ ಏಳುತ್ತದೆ, ಫೈಬರ್ ಸಂಪರ್ಕ ನಿಧಾನವಾಗಿ ಬರುತ್ತದೆ. ಆ ನಡುವಿನ ದೃಶ್ಯಗಳಿಗೆಲ್ಲ ಕರೆಂಟ್ ಹೋಗುವ ಮುನ್ನಿನ ಹೊತ್ತು ನಮೂದಾಗುತ್ತದೆ. ಕಳವು ನಡೆದು ಪೊಲೀಸರಿಗೆ ದೃಶ್ಯ ಕೊಡಬೇಕಾದಾಗ ತಪ್ಪು ಸಮಯದ ಕಡತದಿಂದ ತೊಂದರೆಯೇ ಹೆಚ್ಚು. ನಾಣ್ಯದಂಥ ಬ್ಯಾಟರಿ ಕೂರುವ ಡಿಎಸ್3231 ಎಂಬ ಚಿಕ್ಕ ಗಡಿಯಾರದ ಫಲಕವನ್ನು ಪೈ 4ಕ್ಕೆ ಜೋಡಿಸಿ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿಯನ್ನು ಮಾತ್ರ ಬೇರೆ ಕೊಂಡು ಹಾಕಬೇಕು.

ಪೈ 4ರ ಚಿಪ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ನಮ್ಮಲ್ಲಿ, ತಗಡಿನ ಚಾವಣಿಯ ಕೆಳಗಿಟ್ಟ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದು ಮಧ್ಯಾಹ್ನವಿಡೀ ಕುಂಟುತ್ತದೆ. ಸರ್ವರನ್ನು ಮಣ್ಣಿನ ಅಥವಾ ಕಲ್ಲುಗೋಡೆಯ ಒಳಕೋಣೆಯಲ್ಲಿ, ಅಲ್ಯೂಮಿನಿಯಂ ಕವಚದಲ್ಲಿಟ್ಟು ಕ್ಯಾಮೆರಾಕ್ಕೆ ಮಾತ್ರ ತಂತಿ ಎಳೆಯಿರಿ. ಫ್ಯಾನ್ ಇರುವ ಕವಚ ಬೇಡ ಎಂದು ಹೇಳುವುದಕ್ಕೆ ಸಂಡೂರು, ತೋರಣಗಲ್ಲು ಕಡೆಯವರಿಗೆ ಕಾರಣ ಬೇಕಿಲ್ಲ; ಅದಿರಿನ ಕೆಂಪು ಧೂಳು ಚಿಕ್ಕ ಫ್ಯಾನನ್ನು ಬಹಳ ದಿನ ತಿರುಗಲು ಬಿಡುವುದಿಲ್ಲ. ಕ್ಯಾಮೆರಾದ ಗಾಜನ್ನು ಒರೆಸುವಂತೆ ಮನೆಯವರಿಗೆ ಹೇಳಿಬನ್ನಿ. ಧೂಳು ಹಿಡಿದ ಗಾಜಿನ ಮೇಲೆ ರಾತ್ರಿಯ ದೀಪ ಬಿದ್ದರೆ ಬಿಳಿಯ ಪರದೆಯಷ್ಟೇ ಕಾಣುತ್ತದೆ.

ಹಂತ 8: ಊರು ಬಿಡುವ ಮುನ್ನ ಪರೀಕ್ಷೆ

ಮನೆಯ ವೈಫೈನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ವಿಪಿಎನ್ ಆನ್ ಮಾಡಿ ನೋಡಿ, ಚಿತ್ರ ಬರಬೇಕು. ಈಗ ವಿಪಿಎನ್ ಆಫ್ ಮಾಡಿ, ಮನೆಯ ಸಾರ್ವಜನಿಕ ವಿಳಾಸದಲ್ಲಿ 8080, 8081, 22 ಮೂರನ್ನೂ ಪ್ರಯತ್ನಿಸಿ, ಒಂದೂ ತೆರೆಯಬಾರದು. ಸರ್ವರ್‌ನ ಐಪಿವಿ6 ವಿಳಾಸದಲ್ಲೂ ಇದನ್ನೇ ಮಾಡಿ. ಕೊನೆಗೆ ಮೀಟರ್ ಪೆಟ್ಟಿಗೆಯ ಮೇನ್ ಸ್ವಿಚ್ಚನ್ನು ಆರಿಸಿ ಯುಪಿಎಸ್ ಖಾಲಿಯಾಗುವವರೆಗೆ ಬಿಟ್ಟು, ಮತ್ತೆ ಹಾಕಿ, ಯಾರೂ ಏನನ್ನೂ ಮುಟ್ಟದೆ ಚಿತ್ರ ತಾನಾಗಿ ಮರಳುತ್ತದೆಯೇ ಎಂದು ಕಾಯಿರಿ. ಈ ಕೊನೆಯ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು.

ಕುಟುಂಬದ ಹತ್ತು ಮಂದಿಗೆ ತೋರಿಸಬೇಕು, ಎಲ್ಲರ ಫೋನಿಗೂ ವಿಪಿಎನ್ ಹಾಕಲಾಗದು ಎನ್ನುವವರಿಗೆ ಎಚ್‌ಟಿಟಿಪಿಎಸ್ ಇರುವ ರಿವರ್ಸ್ ಪ್ರಾಕ್ಸಿ, ಅಂದರೆ ಹೊರಗಿನ ಕೋರಿಕೆಗಳನ್ನು ಪಡೆದು ಒಳಗಿನ ಸೇವೆಗೆ ದಾಟಿಸುವ ಮಧ್ಯವರ್ತಿ, ಎಂಬ ದಾರಿ ಇದೆ. ಕ್ಯಾಡಿಯಂಥ ತಂತ್ರಾಂಶ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪ್ರಮಾಣಪತ್ರವನ್ನು ತಾನೇ ತಂದು ನವೀಕರಿಸುತ್ತದೆ. ಆದರೆ ಹಾಗೆ ಪಡೆದ ಪ್ರತಿಯೊಂದು ಪ್ರಮಾಣಪತ್ರದ ಹೆಸರೂ ಸಾರ್ವಜನಿಕ ದಾಖಲೆಯಲ್ಲಿ ಸೇರುತ್ತದೆ, ಆದ್ದರಿಂದ ಆ ವಿಳಾಸ ಗುಟ್ಟಾಗಿ ಉಳಿಯುವುದಿಲ್ಲ. ಮನೆಯೊಳಗಿನ ಕ್ಯಾಮೆರಾಕ್ಕೆ ನಾನು ಇದನ್ನು ಸೂಚಿಸುವುದಿಲ್ಲ; ಹೊಲದ ಪಂಪ್‌ಸೆಟ್ಟನ್ನು ತೋರಿಸುವ ಕ್ಯಾಮೆರಾಕ್ಕಾದರೆ ಅಡ್ಡಿಯಿಲ್ಲ.

ಆಮೇಲಿನ ನಿಗಾ

ತಿಂಗಳಿಗೊಮ್ಮೆ ಸರ್ವರ್‌ಗೆ ಒಳಹೋಗಿ ನವೀಕರಣಗಳು ಬಂದಿವೆಯೇ, ಎಸ್‌ಎಸ್‌ಡಿಯಲ್ಲಿ ಜಾಗ ಇದೆಯೇ, ಯಾವ ಯಾವ ಸಾಧನಗಳು ವಿಪಿಎನ್‌ನಲ್ಲಿವೆ ಎಂಬುದನ್ನು ನೋಡಿ. ಗುರುತಿಲ್ಲದ ಸಾಧನ ಕಂಡರೆ ಮೊದಲು ಅದನ್ನು ತೆಗೆದುಹಾಕಿ, ನಂತರ ಇಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಆಮೇಲೆ ವಿಚಾರಿಸಿ. ಯಾರಾದರೂ ಮನೆಯ ದೃಶ್ಯವನ್ನು ಹಿಡಿದು ಬೆದರಿಸಿದರೆ ಹಣ ಕೊಡದೆ, ಸಂದೇಶಗಳನ್ನು ಅಳಿಸದೆ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ ಅಥವಾ ಹತ್ತಿರದ ಠಾಣೆಗೆ ಹೋಗಿ.

ಫೋನ್ ಕಳೆದರೆ ಅಥವಾ ಬದಲಿಸಿದರೆ ಅದೇ ದಿನ ಟೇಲ್‌ಸ್ಕೇಲ್‌ನ ಆಡಳಿತ ಪುಟದಿಂದ ಆ ಸಾಧನವನ್ನು ಅಳಿಸಿ. ವೈರ್‌ಗಾರ್ಡ್ ಆದರೆ ಸರ್ವರ್‌ನ ಕಡತದಿಂದ ಆ ಫೋನಿನ ಭಾಗವನ್ನು ತೆಗೆದು ಸೇವೆಯನ್ನು ಮರುಆರಂಭಿಸಿ. ಸರ್ವರನ್ನೇ ಮಾರುವುದಾದರೆ ಅಥವಾ ರಿಪೇರಿಗೆ ಕೊಡುವುದಾದರೆ ಕಾರ್ಡನ್ನೂ ಎಸ್‌ಎಸ್‌ಡಿಯನ್ನೂ ಬಿಚ್ಚಿ ನಿಮ್ಮ ಬಳಿಯೇ ಇಟ್ಟುಕೊಂಡು ಬರಿಯ ಫಲಕವನ್ನು ಕೊಡಿ, ಏಕೆಂದರೆ ವಿಪಿಎನ್‌ನ ಖಾಸಗಿ ಕೀಲಿ, ವೈಫೈ ಪಾಸ್‌ವರ್ಡ್ ಮತ್ತು ವಾರದ ದೃಶ್ಯಗಳು ಇರುವುದು ಅವುಗಳಲ್ಲೇ.